ರಿಪೇರಿ ದೊಡ್ಡಪ್ಪ

ಪ್ರತಿ ವಂಶಕ್ಕೂ ಒಬ್ಬ ಕುಲದೇವರು, ಒಬ್ಬ ಪುರೋಹಿತರು, ಒಬ್ಬ ರಿಪೇರಿಯವರು ಇರಲೇಬೇಕು. ಮೊದಲಿನ ಎರಡನ್ನು ಹಿರಿಯರು ಶಾಸ್ತ್ರದಲ್ಲೇ ಬರೆದಿಟ್ಟರು. ಬರೆಯುವ ಕಾಲಕ್ಕೆ ಮನೆಯಲ್ಲಿ ಮಿಕ್ಸಿ ಇರಲಿಲ್ಲವಾದ್ದರಿಂದ ಮೂರನೆಯದು ಬಿಟ್ಟುಹೋಯಿತು. ಇಂಥವರನ್ನು ಗುರುತು ಹಿಡಿಯುವುದು ಕಷ್ಟವೇನಲ್ಲ. ಮದುವೆಮನೆಯಲ್ಲಿ ಮೈಕು ‘ಕುಂಯ್’ ಅಂದ ಕೂಡಲೇ, ಹೋಳಿಗೆಯ ಮೇಲೆ ತುಪ್ಪ ಬಿದ್ದಿದ್ದರೂ ಲೆಕ್ಕಿಸದೆ, ಎಡಗೈಯಲ್ಲಿ ಪಂಚೆ ಎತ್ತಿಕೊಂಡು ಎದ್ದು ಹೋಗುವವರು ಅವರೇ. ಗೃಹಪ್ರವೇಶಕ್ಕೆ ಬಂದರೆ ಸತ್ಯನಾರಾಯಣನ ಮಂಟಪಕ್ಕೂ ಮೊದಲು ಮೀಟರ್ ಬೋರ್ಡಿನ ದರ್ಶನ ಮಾಡುವವರೂ ಅವರೇ. ಎಲ್ಲರೂ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡರೆ ಇವರು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಾರೆ. ಬ್ಯಾಂಕಿನಲ್ಲಿ ಸಹಿ ಹಾಕುವ ಹೊತ್ತಿಗೆ ಅದನ್ನೇ ತೆಗೆದು ಚಲನ್ನಿನ ಮೇಲೆ ಒಮ್ಮೆ ಗೀಚಿ, ಆಮೇಲೆ ಪಕ್ಕದವರ ಪೆನ್ನು ಕೇಳುತ್ತಾರೆ. ಇಸಿದುಕೊಂಡ ಪೆನ್ನಿನ ಕ್ಲಿಪ್ಪು ಸಡಿಲವಾಗಿದ್ದರೆ ಅದನ್ನು ಹಲ್ಲಲ್ಲಿ ಕಚ್ಚಿ ಬಿಗಿ ಮಾಡಿಯೇ ವಾಪಸ್ಸು ಕೊಡುತ್ತಾರೆ.

ನಮ್ಮ ವಂಶದ ಪಾಲಿಗೆ ಬಂದವರು ದೊಡ್ಡಪ್ಪ. ಈಗ ಇಲ್ಲ. ಇಲ್ಲವೆಂದು ಅಳುಮುಖ ಮಾಡಿ ಬರೆದರೆ ಅವರಿಗೇ ಸರಿಬರುವುದಿಲ್ಲ. ಸಾವಿನ ಮನೆಗೆ ಹೋದರೂ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಮೆಲ್ಲಗೆ ತಲೆಯೆತ್ತಿ, “ಆ ಫ್ಯಾನು ಯಾಕೆ ಕಿರ್ ಅಂತಿದೆ?” ಎಂದು ಕೇಳುತ್ತಿದ್ದ ಜೀವ ಅದು. ಆದ್ದರಿಂದ ನಾಲ್ಕು ಮಾತು ಆಡಿಕೊಂಡೇ ನೆನೆಯೋಣ.

ದೊಡ್ಡಪ್ಪ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ಟೂಲ್ ರೂಮಿನ ಫಿಟ್ಟರು. ಯಂತ್ರ ಮಾಡುವ ಯಂತ್ರಗಳಿಗೆಂದು 1953ರಲ್ಲಿ ಶುರುವಾದ ಆ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು ಕೈಗಡಿಯಾರಕ್ಕಿಳಿಯಿತು. ಜನತಾ, ಪೈಲಟ್, ಕಾಂಚನ್ ಎಂದು ಹೆಸರು ಹೇಳಿದರೆ ಸಾಕು, ಅರವತ್ತು ದಾಟಿದವರ ಎಡ ಮಣಿಕಟ್ಟು ಈಗಲೂ ತಾನಾಗಿ ನೆಟ್ಟಗಾಗುತ್ತದೆ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಬರೀ ‘ವಾಚು’ ಎನ್ನದೆ ‘ಎಚ್‌ಎಂಟಿ ವಾಚು’ ಎಂದು ಹೆಸರು ಹಿಡಿದೇ ಕೇಳುತ್ತಿದ್ದ ಕಾಲ. ನಮ್ಮ ಮನೆಗೆ ಬಂದ ಅಳಿಯಂದಿರಿಗೆಲ್ಲ, ಅವರು ಕೇಳಲಿ ಬಿಡಲಿ, ದೊಡ್ಡಪ್ಪನ ಕಡೆಯಿಂದ ಒಂದು ಜನತಾ ಖಾತ್ರಿ. ಆದರೆ ಕೊಟ್ಟು ಮರೆಯುವವರಲ್ಲ. ಹಬ್ಬಕ್ಕೆ ಬಂದ ಅಳಿಯನ ಕುಶಲ ಕೇಳುವ ಮೊದಲೇ ಕೈ ಹಿಡಿದು ವಾಚನ್ನು ಕಿವಿಗಿಟ್ಟುಕೊಳ್ಳುತ್ತಿದ್ದರು. “ಕೀ ಸರಿಯಾಗಿ ಕೊಡ್ತಿಲ್ಲ ನೀವು. ದಿನಾ ಒಂದೇ ಹೊತ್ತಿಗೆ ಕೊಡಬೇಕು. ಬೆಳಿಗ್ಗೆ ಎದ್ದು ಹೆಂಡತಿಗೆ ಒಂದು ಲೋಟ ಕಾಫಿ, ವಾಚಿಗೆ ಒಂದು ಸಲ ಕೀ. ಎರಡೂ ಕೆಡೋದಿಲ್ಲ.” ಆ ಕಾಲದಲ್ಲಿ ಈ ಮಾತಿನ ಉತ್ತರಾರ್ಧವನ್ನಷ್ಟೇ ಪಾಲಿಸಿದ ಅಳಿಯಂದಿರೇ ಹೆಚ್ಚು. ವಾಚುಗಳು ಚೆನ್ನಾಗಿ ಓಡಿದವು.

ಕಾರ್ಖಾನೆಯಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಅರ ತಿಕ್ಕುತ್ತಿದ್ದ ಮನುಷ್ಯ ಮನೆಗೆ ಬಂದರೆ ಕಣ್ಣಂದಾಜಿಗೆ ಇಳಿದುಬಿಡುತ್ತಿದ್ದರು. ಅವರು ಹೊಡೆದ ಮೊಳೆಗೆ ನೇತುಹಾಕಿದ ದೇವರ ಪಟ ಎಡಕ್ಕೆ ವಾಲಿಯೇ ಇರುತ್ತಿತ್ತು. ದೊಡ್ಡಮ್ಮ ದೀಪ ಹಚ್ಚಿ ತಾವೂ ಎಡಕ್ಕೆ ಸ್ವಲ್ಪ ವಾಲಿ ನಮಸ್ಕಾರ ಮಾಡುವುದನ್ನು ರೂಢಿಸಿಕೊಂಡಿದ್ದರು. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂಬ ಗಾದೆಯನ್ನು ದೇವರ ಮುಂದೆಯೇ, ದೇವರಿಗೆ ಹೇಳುತ್ತಿದ್ದಾರೋ ಗಂಡನಿಗೆ ಹೇಳುತ್ತಿದ್ದಾರೋ ತಿಳಿಯದಂತೆ ಹೇಳುತ್ತಿದ್ದರು. ಕಾರಣವಿತ್ತು. ಬೀದಿಯ ಎಲ್ಲರ ಮನೆಯ ನಲ್ಲಿ ನಿಂತಿರುತ್ತಿತ್ತು, ಇವರ ಮನೆಯದು ತೊಟ್ಟಿಕ್ಕುತ್ತಿತ್ತು. ಎಲ್ಲರ ಮನೆಯ ಟೇಬಲ್ ಫ್ಯಾನು ತಿರುಗುತ್ತಿತ್ತು, ಇವರ ಮನೆಯ ಟೇಬಲ್ ಫ್ಯಾನು ಕಣ್ಣಿಗೇ ಬೀಳುತ್ತಿರಲಿಲ್ಲ. ಅದು ಎಲ್ಲಿ ಹೋಯಿತೆಂಬುದು ಬಹಳ ಕಾಲ ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಆ ಸುದ್ದಿಗೆ ಆಮೇಲೆ ಬರುತ್ತೇನೆ.

ಆಡು ಮುಟ್ಟದ ಸೊಪ್ಪಿಲ್ಲ, ದೊಡ್ಡಪ್ಪ ಮುಟ್ಟದ ಸ್ವಿಚ್ಚಿಲ್ಲ. ಅವರ ಆಸ್ತಿ ಎಂದರೆ ಒಂದು ತಗಡಿನ ಟ್ರಂಕು. ಅದರಲ್ಲಿ ಕಟಿಂಗ್ ಪ್ಲೇಯರ್, ಸ್ಪ್ಯಾನರ್ ಸೆಟ್ಟು, ಕೈಬೈರಿಗೆ, ಹಿಡಿ ಮುರಿದ ಹ್ಯಾಕ್ಸಾ, ಅಂಗೈ ಅಗಲದ ಉಪ್ಪುಕಾಗದದ ಚೂರುಗಳು, ಫ್ಯೂಸ್ ತಂತಿಯ ಸುರುಳಿ, ಹಾರ್ಲಿಕ್ಸ್ ಬಾಟಲಿಗಳ ತುಂಬ ಬೇರೆ ಬೇರೆ ನಂಬರಿನ ವಾಷರು, ಸ್ಕ್ರೂ, ಸ್ಪ್ರಿಂಗು. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಸಂಡೆ ಬಜಾರಿಗೆ ಹೋಗಿ ಇನ್ನಷ್ಟು ತರುತ್ತಿದ್ದರು. ಇದು ಯಾತಕ್ಕೆ ಎಂದು ಕೇಳಬಾರದು. ಕೇಳಿದರೆ, “ಯಾತಕ್ಕಾದ್ರೂ ಬೇಕಾಗುತ್ತೆ” ಎಂಬ ಒಂದೇ ಉತ್ತರ. ದೊಡ್ಡಮ್ಮ ಕೊತ್ತಂಬರಿ ಸೊಪ್ಪು ತರಲು ಕೊಟ್ಟ ಚೀಲದಲ್ಲಿ ಬಾಲ್ ಬೇರಿಂಗು ಬಂದ ಭಾನುವಾರಗಳುಂಟು. ಆ ಭಾನುವಾರಗಳಲ್ಲಿ ಸಾರಿಗೆ ಕೊತ್ತಂಬರಿ ಇರಲಿಲ್ಲ, ಮಾತಿಗೆ ಒಗ್ಗರಣೆ ಇತ್ತು.

ಅವರ ಉಳಿತಾಯದ ವಿದ್ಯೆಗಳನ್ನು ಕೇಳಿದರೆ ಹಣಕಾಸು ಮಂತ್ರಿಗಳು ಮನೆಗೆ ಬಂದು ಪಾಠ ಹೇಳಿಸಿಕೊಳ್ಳಬೇಕು. ಟ್ಯೂಬ್‌ಲೈಟಿಗೆ ಸ್ಟಾರ್ಟರ್ ಬೇಕಾಗುವುದು ಹೊತ್ತಿಕೊಳ್ಳುವಾಗ ಮಾತ್ರ, ಹೊತ್ತಿಕೊಂಡ ಮೇಲೆ ಅದಕ್ಕೆ ಕೆಲಸವಿಲ್ಲ ಎಂಬ ಸತ್ಯ ಅವರಿಗೆ ಗೊತ್ತಿತ್ತು. ಇಂಥ ಸತ್ಯ ಗೊತ್ತಿದ್ದವರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ದೊಡ್ಡಪ್ಪ ಇಡೀ ಮನೆಗೆ ಒಂದೇ ಸ್ಟಾರ್ಟರ್ ಇಟ್ಟರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ಟೂಲು ಹೊತ್ತುಕೊಂಡು ನಡುಮನೆ, ಅಡುಗೆಮನೆ, ರೂಮು ಎಂದು ಮೆರವಣಿಗೆ ಹೊರಟು, ಪ್ರತಿ ಟ್ಯೂಬಿಗೂ ಅದೇ ಸ್ಟಾರ್ಟರನ್ನು ತಿರುಪಿ, ಹೊತ್ತಿಸಿ, ಕಿತ್ತುಕೊಂಡು ಮುಂದಿನ ಕೋಣೆಗೆ. ದೊಡ್ಡಮ್ಮ ತುಳಸಿಗೆ ದೀಪ ಇಟ್ಟು ಬರುವಷ್ಟರಲ್ಲಿ ಇವರದ್ದೂ ಮುಗಿದಿರುತ್ತಿತ್ತು. ಎಲ್ಲ ಹೊತ್ತಿಸಿ ಕೂತ ಮೇಲೆ ಕರೆಂಟು ಹೋಗಿ ಬಂದರೆ ಮೆರವಣಿಗೆ ಮತ್ತೆ ಮೊದಲಿನಿಂದ. ಬೇಸಿಗೆಯಲ್ಲಿ ಇದರಿಂದ ಅವರಿಗೆ ವ್ಯಾಯಾಮವೂ ಆಗುತ್ತಿತ್ತು.

ಬಲ್ಬಿನ ವಿಷಯದಲ್ಲಂತೂ ಅವರದ್ದು ವೈಯಕ್ತಿಕ ದ್ವೇಷ. ಒಸ್ರಾಮ್, ಫಿಲಿಪ್ಸ್ ಮೊದಲಾದ ದೊಡ್ಡ ಕಂಪನಿಗಳು 1924ರಲ್ಲಿ ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬು 1000 ಗಂಟೆಗಿಂತ ಹೆಚ್ಚು ಉರಿಯಬಾರದು ಎಂದು ತೀರ್ಮಾನಿಸಿದ್ದವು; ಹೆಚ್ಚು ಬಾಳುವ ಬಲ್ಬು ಮಾಡಿದ ಕಂಪನಿಗೆ ಕೂಟವೇ ದಂಡ ಹಾಕುತ್ತಿತ್ತು. ಇದನ್ನು ಎಲ್ಲೋ ಓದಿದಂದಿನಿಂದ ದೊಡ್ಡಪ್ಪ ಬಲ್ಬು ಹೋದಾಗಲೆಲ್ಲ ಆ ಜಿನೀವಾದವರ ಮೇಲೆ ಸಿಟ್ಟಾಗುತ್ತಿದ್ದರು. ಹೋದ ಬಲ್ಬನ್ನು ಎಸೆಯಲು ಬಿಡುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ತಂತಿಯ ತುಂಡು ‘ಟಿಣ್’ ಅನ್ನುತ್ತಿದೆಯೇ ಎಂದು ಕೇಳಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸುತ್ತ ತಿರುಗಿಸುತ್ತ ತುಂಡಾದ ತಂತಿಯ ತುದಿ ಇನ್ನೊಂದು ತುದಿಗೆ ಕೊಂಡಿ ಹಾಕಿಕೊಳ್ಳುವಂತೆ ಮಾಡುತ್ತಿದ್ದರು. ಆಮೇಲೆ ಉಸಿರು ಬಿಗಿಹಿಡಿದು ಹೋಲ್ಡರಿಗೆ ಹಾಕಿ ಸ್ವಿಚ್ಚು ಒತ್ತಿದರೆ ಬಲ್ಬು ಮೊದಲಿಗಿಂತ ಜೋರಾಗಿ ಹೊತ್ತಿಕೊಳ್ಳುತ್ತಿತ್ತು. ತಂತಿ ಗಿಡ್ಡವಾದಷ್ಟೂ ವಿದ್ಯುತ್ತಿಗೆ ತಡೆ ಕಡಿಮೆ. ಬೆಳಕು ಹೆಚ್ಚು, ಆಯಸ್ಸು ಕಡಿಮೆ. “ನೋಡಿದೆಯಾ, ಹೊಸದಕ್ಕಿಂತ ಚೆನ್ನಾಗಿದೆ!” ಎಂದು ಅವರು ತಿರುಗಿ ನೋಡುವಷ್ಟರಲ್ಲಿ, ಕೆಲವು ಸಲ, ಮತ್ತೆ ಕತ್ತಲು. ಕತ್ತಲಲ್ಲೇ ಜಿನೀವಾದವರಿಗೆ ಇನ್ನೊಂದು ಸುತ್ತು ಬೈಗುಳ.

ಮಿಕ್ಸಿ ಪ್ರಕರಣ ಹೇಳದಿದ್ದರೆ ದೊಡ್ಡಮ್ಮನಿಗೆ ಅನ್ಯಾಯವಾದೀತು. ನಮ್ಮ ದೇಶದ ಮಿಕ್ಸಿಯ ಕಥೆಯೇ ಒಬ್ಬ ರಿಪೇರಿ ಗಂಡನ ಕಥೆ. ಮುಂಬಯಿಯಲ್ಲಿ ಸೀಮನ್ಸ್ ಕಂಪನಿಯ ಎಂಜಿನಿಯರಾಗಿದ್ದ ಸತ್ಯಪ್ರಕಾಶ್ ಮಾಥುರ್ ಎನ್ನುವವರ ಹೆಂಡತಿಯ ಬ್ರೌನ್ ಮಿಕ್ಸರು, ನಮ್ಮ ಅಡುಗೆಯ ಗಟ್ಟಿ ರುಬ್ಬುವಿಕೆ ತಾಳದೆ ಸುಟ್ಟುಹೋಯಿತು. ಪರದೇಶದ ಮಾಲು, ರಿಪೇರಿಗೆ ದಾರಿಯಿಲ್ಲ. ಹೆಂಡತಿ ಬಿಡಬೇಕಲ್ಲ? ಕೊನೆಗೆ ಮಾಥುರ್ ಅವರೇ ಉದ್ದಿನಬೇಳೆಗೂ ಒಣಮೆಣಸಿನಕಾಯಿಗೂ ಬಗ್ಗದಂಥ ಮೋಟರು ಹಾಕಿ ಮಿಕ್ಸಿ ಮಾಡಿದರು, 1963ರಲ್ಲಿ ಕಂಪನಿ ಕಟ್ಟಿದರು, ಅದೇ ಸುಮೀತ್. ಈ ಕಥೆಯನ್ನು ದೊಡ್ಡಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ದೊಡ್ಡಮ್ಮ ಕೇಳಿಸಿಕೊಂಡು, “ಅವರು ಹೆಂಡತಿಗೆ ಹೊಸಾದು ಮಾಡಿಕೊಟ್ರು. ನೀವು?” ಎಂದು ಕೇಳಿದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಏಕೆಂದರೆ ದೊಡ್ಡಮ್ಮನ ಮಿಕ್ಸಿಗೆ ಹೊಸ ಜನ್ಮ ಸಿಗುತ್ತಿತ್ತೇ ಹೊರತು ಮುಕ್ತಿ ಸಿಗುತ್ತಿರಲಿಲ್ಲ. ಕಾರ್ಬನ್ ಬ್ರಷ್ಷು ಸವೆದರೆ ಹೊಸದು, ಕಪ್ಲರ್ ಹಲ್ಲು ಹೋದರೆ ಹೊಸದು, ಬುಷ್ಷು ಹೋದರೆ ಹೊಸದು, ಜಾರಿನ ತಳ ಸೋರಿದರೆ ಎಂ-ಸೀಲು. ಕಡೆಗೆ ಕಂಪನಿಯವರು ಮಾಡಿದ್ದೆಂದು ಉಳಿದದ್ದು ಮೇಲಿನ ಹೆಸರಿನ ಪಟ್ಟಿಯೊಂದೇ. ಒಂದು ದಿನ ದೊಡ್ಡಪ್ಪ ಹೊರಗೆ ಹೋಗಿದ್ದಾಗ ದೊಡ್ಡಮ್ಮ ಧೈರ್ಯ ಮಾಡಿ ಅದನ್ನು ಗುಜರಿಯವನಿಗೆ ಹಾಕಿಬಿಟ್ಟರು. ಗುಜರಿಯವನು ಗಾಡಿ ತಳ್ಳಿಕೊಂಡು ಬೀದಿ ತುದಿಗೆ ಹೋಗಿದ್ದಾನೆ, ಎದುರಿಗೆ ದೊಡ್ಡಪ್ಪ. ಅವರ ಕಣ್ಣು ಗಾಡಿಯ ಮೇಲಿನ ಮಾಲಿನ ಮೇಲೆ ಬೀಳದೆ ಇರುವುದುಂಟೇ? “ಅಯ್ಯೋ, ಎಂಥಾ ಒಳ್ಳೇ ಮಿಕ್ಸಿ ಕಣಯ್ಯಾ, ಯಾರೋ ಬುದ್ಧಿಯಿಲ್ಲದವರು ಹಾಕಿದ್ದಾರೆ!” ಎಂದು ದುಪ್ಪಟ್ಟು ಕೊಟ್ಟು ಕೊಂಡು, ಬಗಲಲ್ಲಿ ಇಟ್ಟುಕೊಂಡು, ಆ ಗುಜರಿಯವನನ್ನೂ ಕಾಫಿಗೆ ಕರೆದುಕೊಂಡೇ ಮನೆಗೆ ಬಂದರು. ದೊಡ್ಡಮ್ಮ ಬಾಗಿಲು ತೆಗೆದು ಮಿಕ್ಸಿ, ಗಂಡ, ಗುಜರಿಯವನು ಈ ಮೂವರನ್ನೂ ನೋಡಿ ಏನೂ ಮಾತಾಡದೆ ಒಳಗೆ ಹೋಗಿ ಮೂರು ಲೋಟ ಕಾಫಿ ತಂದರು. ಆಮೇಲೆ ಎಷ್ಟೋ ವರ್ಷ ಆ ಗುಜರಿಯವನು ಹಬ್ಬಕ್ಕೆ ತಪ್ಪದೆ ಬರುತ್ತಿದ್ದ. ಬುದ್ಧಿಯಿಲ್ಲದವರು ಯಾರೆಂಬ ಗುಟ್ಟನ್ನು ಅವನು ಬಿಟ್ಟುಕೊಡಲಿಲ್ಲ. ದೊಡ್ಡಮ್ಮನ ಒಬ್ಬಟ್ಟಿಗೆ ಅಷ್ಟು ಮರ್ಯಾದೆ ಇತ್ತು.

ಇಷ್ಟು ಹೊತ್ತಿಗೆ ನಿಮಗೊಂದು ಅನುಮಾನ ಬಂದಿರಬೇಕು. ಇಷ್ಟೆಲ್ಲ ಬಲ್ಲವರು ಮಾಡಿದ ರಿಪೇರಿ ನಿಲ್ಲುತ್ತಿತ್ತೇ? ನಿಲ್ಲುತ್ತಿತ್ತು, ಒಂದು ಉಪಾಯದ ಜೊತೆ. ಅವರು ಮುಟ್ಟಿದ ಪ್ರತಿ ಸಾಮಾನಿಗೂ ಒಂದು ಉಪದೇಶ ಅಂಟಿಕೊಂಡಿರುತ್ತಿತ್ತು. ಈ ಸ್ವಿಚ್ಚನ್ನು ಒತ್ತಿ ಸ್ವಲ್ಪ ಮೇಲಕ್ಕೆ ದೂಡಬೇಕು. ಈ ನಲ್ಲಿಯನ್ನು ಉಲ್ಟಾ ತಿರುಗಿಸಿ ಆಮೇಲೆ ಸುಲ್ಟಾ. ಈ ಕುಕ್ಕರಿನ ಗ್ಯಾಸ್ಕೆಟ್ಟನ್ನು ಮೊದಲು ತಣ್ಣೀರಲ್ಲಿ ಅದ್ದಿಡಬೇಕು. ಆ ಪಂಪ್ ಸ್ಟವ್ವಿನ ಚರ್ಮದ ವಾಷರಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಕುಡಿಸಿ, ಅದು ಉಬ್ಬಿದ ಮೇಲೆ ಪಂಪು ಹೊಡೆಯಬೇಕು. ಸ್ಕೂಟರನ್ನು ಎಡಕ್ಕೆ ವಾಲಿಸಿ, ಮನಸ್ಸಿನಲ್ಲಿ ಮೂರು ಎಣಿಸಿ, ನೆಟ್ಟಗೆ ಮಾಡಿ ಕಿಕ್ ಹೊಡೆಯಬೇಕು. ಹೊಸದಾಗಿ ಮನೆಗೆ ಬಂದ ಸೊಸೆಗೆ ಅತ್ತೆ ಮಾವಂದಿರ ಸ್ವಭಾವಕ್ಕಿಂತ ಈ ಸ್ವಿಚ್ಚುಗಳ ಸ್ವಭಾವ ತಿಳಿಯಲು ಹೆಚ್ಚು ಕಾಲ ಹಿಡಿಯುತ್ತಿತ್ತು.

ಉಪದೇಶಗಳ ಹಿಂದೆ ಕುಚೋದ್ಯವೂ ಇತ್ತು. ನಮ್ಮ ಬೀದಿಯ ಒಂದು ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಅಡುಗೆಮನೆ ಒಂದೇ, ಸರದಿ ಬೇರೆ. ದೊಡ್ಡಪ್ಪ ಅವರ ಮಿಕ್ಸಿ ಬಿಚ್ಚಿ, ಏನೋ ಮಾಡಿ, ಮತ್ತೆ ಜೋಡಿಸಿ ಗಂಭೀರವಾಗಿ ಹೇಳಿದರು: “ನೋಡೀಮ್ಮಾ, ಇನ್ನು ಮೇಲೆ ಇದಕ್ಕೆ ಒಬ್ಬರ ಕೈ ಸಾಲದು. ಒಬ್ಬರು ಮುಚ್ಚಳ ಒತ್ತಿ ಹಿಡೀಬೇಕು, ಇನ್ನೊಬ್ಬರು ಸ್ವಿಚ್ಚು ತಿರುಗಿಸಬೇಕು. ಇಲ್ಲದಿದ್ರೆ ಮೋಟರು ಸುಟ್ಟುಹೋಗುತ್ತೆ.” ಮೋಟರಿಗೆ ಹೆದರಿ ಇಬ್ಬರೂ ಒಟ್ಟಿಗೆ ನಿಂತರು. “ಈಗ ಹಾಕು”, “ಸಾಕು ನಿಲ್ಲಿಸು” ಎಂಬಲ್ಲಿಂದ ಶುರುವಾದ ಮಾತು ಚಟ್ನಿಗೆ ಉಪ್ಪು ಸಾಕೇ ಎಂಬಲ್ಲಿಗೆ ಬಂದು, ಸಂಕ್ರಾಂತಿಯ ಹೊತ್ತಿಗೆ ಇಬ್ಬರೂ ಸೇರಿ ದೊಡ್ಡಮ್ಮನ ಮನೆಗೆ ಎಳ್ಳು ಬೀರಲು ಬಂದರು. ಮಿಕ್ಸಿಗೆ ಏನಾಗಿತ್ತೆಂದು ನಾನು ಆಮೇಲೆ ಕೇಳಿದೆ. “ವೈರು ಸಡಿಲ ಇತ್ತು. ಬಿಗಿ ಮಾಡಿದೆ, ಅಷ್ಟೇ.”

ಇಂಥ ವಿಷಯಕ್ಕೆಲ್ಲ ನೀವು ಕೈಹಾಕಬಾರದು ಎಂದು ದೊಡ್ಡಮ್ಮ ಗದರಿಸಿದರೆ ಅವರು ಸಾಕ್ಷಿಗೆ ಕರೆಯುತ್ತಿದ್ದುದು ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರನ್ನು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಕೇಂದ್ರ ನಡೆಸಲು ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಮೊದಲು ಅಂಟಿದ್ದು ಆ ಮನೆಯ ಕೇಂದ್ರಕ್ಕೇ. ದೇಶಕ್ಕೆಲ್ಲ ಅದು ಹೆಸರಾದದ್ದು ಆಮೇಲೆ. “ಮನಃಶಾಸ್ತ್ರ ಓದಿದವರು ತಂತಿ ಮುಟ್ಟಿದ್ದಕ್ಕೆ ದೇಶಕ್ಕೆ ರೇಡಿಯೋ ಹೆಸರು ಸಿಕ್ತು. ತಂತಿ ಮುಟ್ಟೋ ನಾನು ಸ್ವಲ್ಪ ಮನಃಶಾಸ್ತ್ರ ಮುಟ್ಟಿದ್ರೆ ನಿನಗೇನೇ ಕಷ್ಟ?” ಎಂಬುದು ಅವರ ವಾದ. ಕಾರ್ಖಾನೆಯ ಯೂನಿಯನ್ನಿನಲ್ಲಿ ಪಳಗಿದ ವಾದ. ದೊಡ್ಡಮ್ಮ ಸೌಟು ಎತ್ತುವವರೆಗೆ ನಿಲ್ಲುತ್ತಿತ್ತು.

ನಿಜ ಹೇಳಬೇಕೆಂದರೆ ದೊಡ್ಡಪ್ಪನಿಗೆ ಸಾಮಾನು ಒಂದು ನೆಪ. ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗಿ ಕೂರಲು ಅವರಿಗೆ ಸಂಕೋಚ. ಕೈಯಲ್ಲಿ ಸ್ಪ್ಯಾನರ್ ಇದ್ದರೆ ಯಾರ ಅಡುಗೆಮನೆಗೂ ನೇರ ಪ್ರವೇಶ. ಸಿಂಕಿನ ಕೆಳಗೆ ಅಂಗಾತ ಮಲಗಿರುವ ಮನುಷ್ಯನ ಮುಂದೆ ಜನ ಏನು ಬೇಕಾದರೂ ಮಾತಾಡುತ್ತಾರೆ. ಕಾಲು ಮಾತ್ರ ಕಾಣುವವನಿಗೆ ಕಿವಿ ಇಲ್ಲವೆಂದೇ ಎಲ್ಲರ ನಂಬಿಕೆ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮಗ ಪಿಯುಸಿಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಹೇಳಿಲ್ಲ, ಯಾರಿಗೆ ಆಪರೇಷನ್ನಿಗೆ ದುಡ್ಡು ಸಾಲದು, ಎಲ್ಲವೂ ಆ ಸಿಂಕಿನ ಕೆಳಗೆ ತಿಳಿದದ್ದು. ಪೈಪು ಬಿಗಿ ಮಾಡಿ ಎದ್ದು ಬರುವಾಗ ಒಂದು ಜಾತಕವೂ ಜೇಬಿಗೆ ಬಂದಿರುತ್ತಿತ್ತು. ಹೀಗೆ ಸಿಂಕಿನ ಕೆಳಗೆ ಕುದುರಿದ ಮದುವೆಗಳು ಇನ್ನೂ ಚೆನ್ನಾಗಿ ನಡೆಯುತ್ತಿವೆ. ಪೈಪುಗಳ ಬಗ್ಗೆ ಅಷ್ಟು ಖಾತ್ರಿಯಿಂದ ಹೇಳಲಾರೆ.

ಕೂಲಿ? ಅದರ ಮಾತೆತ್ತಿದರೆ ಮುಖ ಕೆಂಪಾಗುತ್ತಿತ್ತು. ಕಾಫಿ ಮಾತ್ರ ಹಕ್ಕು. ಅದೂ ಕೆಲಸಕ್ಕೆ ಮೊದಲು ಒಂದು, ನಡುವೆ ಒಂದು, ಟೆಸ್ಟಿಂಗ್ ಆದ ಮೇಲೆ ಒಂದು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಕಾಫಿಗೆ ಸಕ್ಕರೆ ಬಿಡಿಸಿದರು. ಕಾಫಿ ಬಿಡಿಸಲು ಅವರ ಕೈಲೂ ಆಗಲಿಲ್ಲ. ಆ ಡಾಕ್ಟರ ಕ್ಲಿನಿಕ್ಕಿನ ಬಿ.ಪಿ. ಮಿಷನ್ನಿನ ರಬ್ಬರು ಬುರುಡೆ ಸೋರುತ್ತಿತ್ತಂತೆ.

ಸಂಸಾರ ಎಂದರೆ ಅವರಿಗೆ ಹೆಂಡತಿ ಮಕ್ಕಳಷ್ಟೇ ಅಲ್ಲ, ಮದುವೆ ಪತ್ರಿಕೆಯ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗುವ ‘ಬಂಧುಮಿತ್ರರು’ ಅಷ್ಟೂ. ಮಗಳು ಹುಟ್ಟಿದಾಗ ಎಂಥದ್ದೋ, ಮೊಮ್ಮಕ್ಕಳು ಹುಟ್ಟಿದಾಗಲೂ ಅಂಥದ್ದೇ: ತೊಟ್ಟಿಲು ಶಾಸ್ತ್ರದ ಹಿಂದಿನ ದಿನ ಸೀಲಿಂಗಿನ ಹುಕ್ಕನ್ನು ಪರೀಕ್ಷೆ ಮಾಡುವ ಅಧಿಕಾರ ಅವರದ್ದು. ಎಳೆದು ನೋಡಿದರೆ ಸಾಲದೇ? ಸಾಲದು. ಸ್ಟೂಲು ಹತ್ತಿ, ಹುಕ್ಕಿಗೆ ಹಗ್ಗ ಕಟ್ಟಿ, ಸ್ಟೂಲನ್ನು ಕಾಲಿಂದ ಒದ್ದು, ತಾವೇ ಜೋತು ಬೀಳುತ್ತಿದ್ದರು. ಮಗು ಮೂರು ಕಿಲೋ, ದೊಡ್ಡಪ್ಪ ಎಪ್ಪತ್ತು ಕಿಲೋ. ಪಂಚೆಯುಟ್ಟ ಹಿರಿಯರೊಬ್ಬರು ನಡುಮನೆಯಲ್ಲಿ ಗಂಟೆಯ ನಾಲಗೆಯಂತೆ ಆಚೆ ಈಚೆ ತೂಗಾಡುತ್ತ, “ಇನ್ನೂ ಸ್ವಲ್ಪ ದೂಡ್ರೋ” ಎಂದು ಮಕ್ಕಳಿಗೆ ಹೇಳುವ ದೃಶ್ಯ ನೋಡಿ ಬಾಣಂತಿ ನಗಲಾರದೆ, ನಗದಿರಲಾರದೆ ಹೊಟ್ಟೆ ಹಿಡಿದುಕೊಂಡು ರೂಮಿಗೆ ಓಡುತ್ತಿದ್ದಳು. ಇಳಿದ ಮೇಲೆ ಹುಕ್ಕಿಗೆ ಅರಿಶಿನ ಕುಂಕುಮ. “ಇನ್ನು ಕೂರಿಸಿ. ಇವನು ಕಾಲೇಜಿಗೆ ಹೋಗೋವರೆಗೂ ಏನೂ ಆಗಲ್ಲ.” ಅವರ ಮನೆಯ ಆ ಹುಕ್ಕಿನಿಂದ ಈವರೆಗೆ ಒಂದು ಮಗುವೂ ಬಿದ್ದಿಲ್ಲ. ಒಂದು ಸಲ ದೊಡ್ಡಪ್ಪ ಬಿದ್ದರು. ಅದು ಹಗ್ಗದ ತಪ್ಪು ಎಂದು ತನಿಖೆಯಲ್ಲಿ ತಿಳಿಯಿತು. ತನಿಖೆ ನಡೆಸಿದವರೂ ಅವರೇ.

ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುವ ಕಾಲದಲ್ಲಿ ಅವರು ಮಗಳಿಗೆ ಸಂಗೀತದ ಜೊತೆ ಫ್ಯೂಸ್ ಹಾಕುವುದನ್ನೂ ಕಲಿಸಿದರು. ಹೆಣ್ಣು ನೋಡಲು ಬಂದವರ ಮುಂದೆ ಕರೆಂಟು ಹೋದಾಗ ಅವಳು ಹಾಡು ಅರ್ಧಕ್ಕೆ ನಿಲ್ಲಿಸಿ, ಸೆರಗು ಸಿಕ್ಕಿಸಿ, ಫ್ಯೂಸ್ ಕ್ಯಾರಿಯರ್ ಕಿತ್ತು, ತಂತಿ ಸುತ್ತಿ ಹಾಕಿ, ಬಂದು ಕೂತು ಅನುಪಲ್ಲವಿಯಿಂದ ಮುಂದುವರಿಸಿದಳು. ಗಂಡಿನ ತಾಯಿ ಅಲ್ಲೇ ಒಪ್ಪಿಗೆ ಕೊಟ್ಟರು. ಅವರ ಮನೆಯಲ್ಲಿ ಗಂಡಸರು ಐದು ಜನ, ಫ್ಯೂಸಿಗೆ ಲೈನ್‌ಮನ್ ಬರುವವರೆಗೆ ಕಾಯುತ್ತಿದ್ದರಂತೆ. ಫ್ಯೂಸು ಆ ಹೊತ್ತಿಗೇ ಸರಿಯಾಗಿ ಹೇಗೆ ಹೋಯಿತೆಂಬ ಪ್ರಶ್ನೆಗೆ ದೊಡ್ಡಪ್ಪ ಕೊನೆಯವರೆಗೂ ಉತ್ತರ ಕೊಡಲಿಲ್ಲ.

ಕಾಲ ಬದಲಾಯಿತು. ಕ್ವಾರ್ಟ್ಜ್ ಬಂತು, ಕೀ ಹೋಯಿತು. ದೊಡ್ಡಪ್ಪ ರಿಟೈರಾಗಿ ಎಷ್ಟೋ ವರ್ಷಗಳ ಮೇಲೆ, 2016ರಲ್ಲಿ, ಎಚ್‌ಎಂಟಿ ವಾಚಿನ ಕಂಪನಿಯನ್ನು ಮುಚ್ಚುವ ತೀರ್ಮಾನ ಪತ್ರಿಕೆಯಲ್ಲಿ ಬಂತು. ಅವತ್ತು ಅವರು ಪತ್ರಿಕೆ ಮಡಚಿಟ್ಟು, ಮನೆಯಲ್ಲಿದ್ದ ಹಳೆಯ ವಾಚುಗಳಿಗೆಲ್ಲ ಕೀ ಕೊಟ್ಟು, ಸಂಜೆ ಯಾರ ಮನೆಗೋ ಗೀಸರ್ ನೋಡಲು ಹೋದರು. ಅವರಿಗೆ ನಿಜವಾಗಿ ಬೇಸರ ತರಿಸಿದ್ದು ಮೊಬೈಲು. ಬಿಚ್ಚಲು ಸ್ಕ್ರೂವೇ ಇಲ್ಲದ ಸಾಮಾನನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ, “ಇದರ ಬಾಗಿಲು ಎಲ್ಲಿ?” ಎಂದರು. ಎಲ್ಲವನ್ನೂ ಅಂಟು ಹಾಕಿ ಅಂಟಿಸಿದ್ದಾರೆ, ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಮೊಮ್ಮಗ ವಿವರಿಸಿದ. ಗ್ರಾಹಕರಿಗೆ ರಿಪೇರಿಯ ಹಕ್ಕು ಬೇಕೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೇ ತೆರೆದಿದೆ ಎಂದೂ ಹೇಳಿದ. ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿದರು. “ಹಕ್ಕಾ? ನಾನೇನು ಇಷ್ಟು ವರ್ಷ ಯಾರನ್ನಾದ್ರೂ ಕೇಳಿ ಬಿಚ್ಚಿದ್ನೇನೋ?”

ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ದೊಡ್ಡಪ್ಪ ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಬಂದ ಜನ ನೋಡಿ ಬೀದಿಯ ಆಟೋದವರು ಯಾರೋ ಮಾಜಿ ಮಂತ್ರಿಗಳು ಇರಬೇಕೆಂದುಕೊಂಡರು. ಕರ್ಮಾಂತರ ಮುಗಿದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಬಂದವರು ಕೂರುತ್ತಾರೆ, ಎರಡು ಮಾತು ಒಳ್ಳೆಯದು ಹೇಳುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಅವರ ಕಣ್ಣು ಮೆಲ್ಲಗೆ ಹಿತ್ತಲಿನ ಶೆಡ್ಡಿನ ಕಡೆಗೆ ಹೋಗುತ್ತದೆ. ಕೇಳಲು ಬಾಯಿ ಬರದು. ಕೊನೆಗೆ ಎದ್ದು ಚಪ್ಪಲಿ ಹಾಕಿಕೊಳ್ಳುತ್ತ, “ಅಲ್ಲ… ನಮ್ಮದೊಂದು ಇಸ್ತ್ರಿಪೆಟ್ಟಿಗೆ…” ಎಂದು ನುಂಗಿಕೊಳ್ಳುತ್ತಾರೆ. ಒಬ್ಬರ ಗ್ರೈಂಡರು, ಒಬ್ಬರ ಹೊಲಿಗೆ ಮಿಷನ್ನು, ಒಬ್ಬರ ಅಜ್ಜನ ಕಾಲದ ಗೋಡೆ ಗಡಿಯಾರ. ಬೀದಿಯ ಅರ್ಧ ಸಂಸಾರ ಆ ಶೆಡ್ಡಿನಲ್ಲಿತ್ತು.

ಒಂದು ಭಾನುವಾರ ನಾನೂ ಅವರ ಮಗಳೂ ಶೆಡ್ಡಿನ ಬಾಗಿಲು ತೆಗೆದೆವು. ಎಲ್ಲವೂ ಸಾಲಾಗಿ ಜೋಡಿಸಿಟ್ಟಿದ್ದವು. ಪ್ರತಿ ಸಾಮಾನಿಗೂ ಒಂದು ಚೀಟಿ. ಕಾರ್ಖಾನೆಯ ಜಾಬ್ ಕಾರ್ಡಿನ ಅಭ್ಯಾಸ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ತೂತು ಹೊಡೆದು, ದಾರ ಪೋಣಿಸಿ ಕಟ್ಟಿದ್ದವು. ಒಂದು ಕಡೆ ಚಿನ್ನದ ಬಣ್ಣದಲ್ಲಿ ಯಾರದೋ ‘ಚಿ|| ಸೌ||’, ಇನ್ನೊಂದು ಕಡೆ ದೊಡ್ಡಪ್ಪನ ಗುಂಡಗಿನ ಅಕ್ಷರ. ಮೊದಲು ಕೈಗೆ ಬಂದದ್ದು ಒಂದು ಟೇಬಲ್ ಫ್ಯಾನು. ಚೀಟಿಯಲ್ಲಿ ಹೀಗಿತ್ತು: “ಮೂಲೆಮನೆ ಮೇಷ್ಟ್ರು. ತೊಂದರೆ: ಕತ್ತು ಆಡ್ತಿಲ್ಲ (ಫ್ಯಾನಿಂದು). ಬಂದದ್ದು: ಯುಗಾದಿ ಮಾರನೆ ದಿನ. ಆದದ್ದು: ಅದೇ ದಿನ ಸಂಜೆ. ಮೇಷ್ಟ್ರು ಒಬ್ಬರೇ ಇದ್ದಾರೆ. ದೀಪಾವಳಿವರೆಗೆ ಕೊಡೋದು ಬೇಡ. ಅಲ್ಲೀತನಕ ನಮ್ಮ ಫ್ಯಾನು ಕೊಟ್ಟಿದೆ.”

ಹೆಂಡತಿ ತೀರಿಕೊಂಡ ಮೇಲೆ ಮನೆಯಿಂದ ಆಚೆಗೇ ಬಾರದಿದ್ದ ಮೇಷ್ಟ್ರು, ಯುಗಾದಿಯಿಂದೀಚೆಗೆ ಗುರುವಾರ ಗುರುವಾರ ಫ್ಯಾನಿನ ವಿಚಾರಣೆಗೆಂದು ಬಂದು, ಕಾಫಿ ಕುಡಿದು, ದೊಡ್ಡಪ್ಪನ ಜೊತೆ ಚೌಕಾಬಾರ ಆಡಿ ಹೋಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಇಷ್ಟು ಸಣ್ಣ ಕೆಲಸಕ್ಕೆ ದೊಡ್ಡಪ್ಪನಿಗೆ ಇಷ್ಟು ತಿಂಗಳು ಬೇಕೇ, ವಯಸ್ಸಾಯಿತು ಎಂದು ನಾವು ಆಡಿಕೊಂಡದ್ದೂ ಉಂಟು. ಒಂದೊಂದೇ ಚೀಟಿ ತಿರುಗಿಸುತ್ತ ಹೋದೆವು. ಗ್ರೈಂಡರು ಆಗಿತ್ತು. ಹೊಲಿಗೆ ಮಿಷನ್ನು ಆಗಿತ್ತು. ಗೋಡೆ ಗಡಿಯಾರ ಕೀ ಕೊಟ್ಟರೆ ಓಡುತ್ತಿತ್ತು. ಎಲ್ಲ ತಿಂಗಳುಗಳ ಹಿಂದೆಯೇ ಮುಗಿದು, “ಈಗಲೇ ಬೇಡ”, “ಹಬ್ಬ ಆಗಲಿ”, “ಮಗ ಅಮೆರಿಕಕ್ಕೆ ಹೋಗಿದ್ದಾನೆ, ನೋಡಿಕೊಂಡು ಕೊಡೋಣ” ಎಂಬ ಷರಾ ಬರೆಸಿಕೊಂಡು ಕೂತಿದ್ದವು.

ನಾವು ಒಳಗೆ ಹೋಗಿ ದೊಡ್ಡಮ್ಮನಿಗೆ ವರದಿ ಒಪ್ಪಿಸಿದೆವು. ಎಲ್ಲವೂ ಸರಿಯಾಗಿವೆ, ಫೋನು ಮಾಡಿ ಕರೆಸಿ ಒಂದೇ ದಿನದಲ್ಲಿ ಹಂಚಿಬಿಡೋಣ, ಶೆಡ್ಡೂ ಖಾಲಿಯಾಗುತ್ತದೆ ಎಂದೆವು. ದೊಡ್ಡಮ್ಮ ಹುರುಳಿಕಾಯಿ ನಾರು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ತಮ್ಮ ಟೇಬಲ್ ಫ್ಯಾನಿನ ಸುದ್ದಿ ಕೇಳಿ ಮೊದಲು ಗಂಡನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದರು. ಆಮೇಲೆ, “ಬಾಗಿಲು ಹಾಕಿ ಬೀಗದ ಕೈ ಇಲ್ಲಿ ಕೊಡಿ” ಎಂದರು.

ಆ ಗುರುವಾರ ಮೇಷ್ಟ್ರು ಬಂದರು. ಒಳಗೆ ಕೂತು, ಕಾಫಿ ಕುಡಿದು, ಸಂಕೋಚದಿಂದ ಫ್ಯಾನಿನ ಮಾತೆತ್ತಿದರು. ದೊಡ್ಡಮ್ಮ ಬಲು ಸಂಕಟದ ಮುಖ ಮಾಡಿ, “ಎಲ್ಲಿಟ್ಟಿದ್ದಾರೋ ಏನೋ ಮೇಷ್ಟ್ರೇ, ಆ ಶೆಡ್ಡಿನ ಬೀಗದ ಕೈಯೇ ಸಿಗ್ತಿಲ್ಲ. ಹುಡುಕಿಸ್ತೀನಿ, ಮುಂದಿನ ವಾರ ಬನ್ನಿ. ಬರುವಾಗ ಆ ಚೌಕಾಬಾರದ ಕವಡೆ ನಿಮ್ಮ ಹತ್ರ ಇದೆ ನೋಡಿ, ತನ್ನಿ” ಎಂದರು. ಬೀಗದ ಕೈ ಅವರ ಸೊಂಟದಲ್ಲೇ, ಎಲ್ಲರಿಗೂ ಕಾಣುವಂತೆ, ನೇತಾಡುತ್ತಿತ್ತು. ಮೇಷ್ಟ್ರು ಅದನ್ನು ನೋಡಿದರು. ನೋಡಿ, “ಅವಸರ ಏನಿಲ್ಲಮ್ಮ, ನಿಧಾನಕ್ಕೆ ಹುಡುಕಿ” ಎಂದು ಎರಡನೇ ಲೋಟ ಕಾಫಿಗೆ ಕೈ ಚಾಚಿದರು.